‘ಆದ್ರ ನೋಡ್ರಿ’ ಎಂಬ ಅಪ್ಪಣೆ

ಈಗಷ್ಟೇ ನೌಕರಿಗೆ ಸೇರಿದ ಇಬ್ಬರು ಇಂಗ್ಲಿಷ್ ಶಿಕ್ಷಕಿಯರು ಹೋದ ತಿಂಗಳು ಚಿಕ್ಕೋಡಿಯ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುತ್ತ ಅವರಲ್ಲಿ ಚಿಕ್ಕವಳು ಕೇಳಿದಳು: “ಬಾಯಾರ, ಮಸ್ಟ್, ಶುಡ್, ಹ್ಯಾವ್ ಟು ಇವನ್ನೆಲ್ಲ ಮಾತಿನ್ಯಾಗ ಹೆಂಗ ಕಲಸೂದ್ರಿ? ಬೋರ್ಡಿನ ಮ್ಯಾಲ ಬರದ್ರ ಮಕ್ಕಳು ಬರಕೋತಾವು. ಮಾತಾಡು ಅಂದ್ರ ಬಾಯಿ ಬಿಡಂಗಿಲ್ಲ.”

ಈ ಕಡೆ ಶಿಕ್ಷಕಿಯರಿಗೆ ಬಾಯಾರು ಎನ್ನುತ್ತಾರೆ. ಮೂವತ್ತು ಚಿಲ್ಲರೆ ವರ್ಷ ಅದನ್ನೇ ಕೇಳಿ ಕೇಳಿ, ಬ್ಯಾಂಕಿನಲ್ಲಿ ಯಾರಾದರೂ ನನ್ನ ಹೆಸರು ಹಿಡಿದು ಕರೆದರೆ ನಾನು ಹಿಂದೆ ತಿರುಗಿ ನೋಡುತ್ತೇನೆ. ಆ ಹುಡುಗಿಗೆ ಅಂದು ತರಬೇತಿಯಲ್ಲಿ ಕಲಿತಿದ್ದ ಉತ್ತರವನ್ನೇ ಹೇಳಿ ಕಳಿಸಿದೆ. ಅವರು ಹೋದ ಮೇಲೆ ನನಗೇ ನಾಚಿಕೆಯಾಯಿತು. ಇನ್ನೊಬ್ಬರ ಕರ್ತವ್ಯವನ್ನು ಅವರ ಮುಂದೆ ಹೇಗೆ ಆಡಿ ತೋರಿಸಬೇಕು ಎಂಬುದು ನನಗೆ ಯಾವ ತರಬೇತಿಯಿಂದಲೂ ಬಂದದ್ದಲ್ಲ. ಅದನ್ನು ಕಲಿಸಿದವಳು ನಿಪ್ಪಾಣಿಯಲ್ಲಿ ತಂಬಾಕು ಜರಡಿ ಹಿಡಿಯುತ್ತಿದ್ದ ಕಾಶವ್ವ. ಅವಳಿಗೆ ಬೇಕಾಗಿದ್ದದ್ದು ಇಂಗ್ಲಿಷ್ ಅಲ್ಲ. ತಂಬಾಕಿನ ಧೂಳಿನಿಂದ ದೂರ, ಕೂಸುಗಳನ್ನು ಮಲಗಿಸಲು ಒಂದು ಕೋಣೆ. ಅದು ಅವಳಿಗೆ ಸಿಕ್ಕಿತೋ ಇಲ್ಲವೋ ಎಂದು ಹೇಳುವ ಮೊದಲು ನಾನು ಎಂಥ ದಡ್ಡಿಯಾಗಿದ್ದೆ ಎಂಬುದನ್ನು ಹೇಳಬೇಕು. ಯಾವ ವರ್ಷ ಬಡ್ತಿ ಬಂತು, ಯಾವ ವರ್ಷ ಸಂಬಳ ಏರಿತು ಎಂಬುದನ್ನು ಬರೆಯುವುದಿಲ್ಲ. ಅದರಲ್ಲಿ ನಮ್ಮ ಮನೆಯವರಿಗೇ ಆಸಕ್ತಿ ಇರಲಿಲ್ಲ.

ನನ್ನಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್. ನಮ್ಮ ಮನೆಯಲ್ಲಿ ಏಳುವುದು, ಉಣ್ಣುವುದು, ಓದುವುದು ಎಲ್ಲವೂ ಸೀಟಿಯ ಮೇಲೆ. ‘ಏಳು’ ಎಂದರೆ ಏಳಬೇಕು. ‘ಆಗುವುದಾದರೆ ಏಳು’ ಎಂಬ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಅಂಥ ಮನೆಯಿಂದ ಎಂಬತ್ತರ ದಶಕದ ಮೊದಲಲ್ಲಿ ರಾಯಬಾಗ ತಾಲೂಕಿನ ಒಂದು ಹಳ್ಳಿಯ ಹೈಸ್ಕೂಲಿಗೆ ಬಂದು ಬಿದ್ದೆ. ಹೆಡ್‌ಮಾಸ್ತರು ಚೌಗಲಾ ಸರ್. ಧೋತರ, ಬಿಳಿ ಟೊಪ್ಪಿಗೆ, ಕೈಯಲ್ಲಿ ಸದಾ ಛತ್ರಿ. ಧ್ವನಿ ಏರಿಸಿದ್ದನ್ನು ಯಾರೂ ಕಂಡವರಿಲ್ಲ.

ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವರು ನನ್ನನ್ನು ಕರೆದು, ಮೇಜಿನ ಮೇಲಿದ್ದ ಕಟ್ಟಿನ ಕಡೆ ನೋಡುತ್ತ ಹೇಳಿದರು: “ಬಾಯಾರ, ಹತ್ತನೇತ್ತೆ ಮಕ್ಕಳ ಪರೀಕ್ಷಾ ಫಾರ್ಮು ತಯಾರಾಗ್ಯಾವು. ಸೋಮವಾರ ಮುಂಜಾನೆ ಚಿಕ್ಕೋಡಿ ಆಫೀಸಿಗೆ ಮುಟ್ಟಿದ್ರ ಛಲೋ ಇತ್ತು. ನಿಮ್ಮ ಖೋಲಿ ಬಸ್ ಸ್ಟ್ಯಾಂಡ್ ಬಾಜೂಕ ಐತಿ. ಆದ್ರ ನೋಡ್ರಿ.”

ನಾನು ನೋಡಿದೆ. ಆಗುವುದಿಲ್ಲ ಎನಿಸಿತು. ರವಿವಾರ ಎರಡು ಬಕೀಟು ಅರಿವೆ ಒಗೆದು, ತಲೆಗೆ ಎರೆದುಕೊಂಡು, ಸುಖವಾಗಿ ಮಲಗಿದೆ. ಸೋಮವಾರ ಶಾಲೆಗೆ ಹೋದರೆ ಕಟ್ಟು ಇಟ್ಟಲ್ಲೇ ಇತ್ತು. ಚೌಗಲಾ ಸರ್ ಅದನ್ನು ನೋಡಿದರು, ನನ್ನನ್ನು ನೋಡಿದರು. “ಇರ್ಲಿ ಬಿಡ್ರಿ” ಎಂದರು. ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಛತ್ರಿ ಹಿಡಿದು, ಆ ವಯಸ್ಸಿನಲ್ಲಿ ತುಂಬಿದ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದರು. ಸಂಜೆ ಬಂದು “ಮುಟ್ಟಿದುವ್ರಿ” ಎಂದಷ್ಟೇ ಹೇಳಿದರು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನನ್ನ ತಪ್ಪನ್ನು ನನಗೆ ತಿಳಿಸಿದವನು ಶಾಲೆಯ ಜವಾನ ಯಮನಪ್ಪ. ಗಂಟೆಯ ಕಟ್ಟಿಗೆಯನ್ನು ಕೈಯಲ್ಲಿ ಹಿಡಿದೇ ಹೇಳಿದ: “ಬಾಯಾರ, ಸರ್ ‘ಆದ್ರ ನೋಡ್ರಿ’ ಅಂದ್ರ ಅದು ಆಗಾಕಬೇಕು. ಆಗದಿದ್ರೂ ನಡೀತೈತಿ ಅನ್ನಂಗಿದ್ರ ಅವರು ನಿಮ್ಮ ಮುಂದ ಬಾಯೇ ತಗೀತಿರಲಿಲ್ಲ.”

“ಹಂಗಾರ ನೆಟ್ಟಗ ಹೇಳಬೇಕಪಾ!” ಎಂದೆ ನಾನು.

ಯಮನಪ್ಪ ನನ್ನನ್ನು ಮರುಕದಿಂದ ನೋಡಿದ. “ಮನಶ್ಯಾರಿಗೆ ನೆಟ್ಟಗ ಹೆಂಗ ಹೇಳೂದ್ರಿ? ನೆಟ್ಟಗ ಹೇಳೂದು ಎತ್ತಿಗೆ.”

ಅಂದೇ ನಾನು ಇದನ್ನು ನೆನಪಿನ ಪುಸ್ತಕದಲ್ಲಿ ಬರೆದುಕೊಂಡೆ. ಬರೆದುಕೊಂಡದ್ದೆಲ್ಲ ನೆನಪಿರುತ್ತದೆ ಎಂದು ಆಗ ನಂಬಿದ್ದೆ.

ಅದೇ ಶಾಲೆಯಲ್ಲಿ ಮರುವರ್ಷ ತಪಾಸಣೆಗೆ ಸಾಹೇಬರು ಬರುವವರಿದ್ದರು. ನಾನು ಎರಡು ರಟ್ಟು ಅಂಟಿಸಿ ದೊಡ್ಡ ಚಾರ್ಟ್ ಮಾಡಿದೆ. ಹಲ್ಲುಜ್ಜುವ ಹುಡುಗಿ, ತಲೆ ಬಾಚುವ ಹುಡುಗಿ, ದೇವರಿಗೆ ಕೈ ಮುಗಿಯುವ ಹುಡುಗಿ. ಪ್ರತಿ ಚಿತ್ರದ ಕೆಳಗೂ ‘ಐ ಮಸ್ಟ್’ ಎಂದು ಶುರುವಾಗುವ ಒಂದು ವಾಕ್ಯ. ಎಂಟು ದಿನ ಬಾಯಿಪಾಠ ಮಾಡಿಸಿದೆ. ಸಾಹೇಬರು ಬಂದರು, ಚಾರ್ಟಿಗೆ ಬೆನ್ನು ತಿರುಗಿಸಿ ನಿಂತರು, ಎರಡನೆಯ ಬೆಂಚಿನ ಶೋಭಾಳನ್ನು ಎಬ್ಬಿಸಿದರು. “ವಾಟ್ ಮಸ್ಟ್ ಯೂ ಡೂ ಇನ್ ದ ಮಾರ್ನಿಂಗ್?”

ಶೋಭಾ ನನ್ನ ತರಗತಿಯಲ್ಲೇ ಚುರುಕು. ಅವಳು ಚಾವಣಿ ನೋಡಿದಳು, ನೆಲ ನೋಡಿದಳು, ನನ್ನನ್ನು ನೋಡಿದಳು. ಬಾಯಿ ಮಾತ್ರ ತೆರೆಯಲಿಲ್ಲ. ಸಾಹೇಬರು ವಹಿಯಲ್ಲಿ ಏನೋ ಗೀಚಿಕೊಂಡರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಬಿಡುವಿನಲ್ಲಿ ಅವಳನ್ನು ಹಿಡಿದುಕೊಂಡೆ. “ಏನವಾ, ಮುಂಜಾನೆ ಎದ್ದು ಏನೂ ಮಾಡಂಗಿಲ್ಲೇನು ನೀ?”

“ಮಾಡತೇನ್ರಿ. ಎಮ್ಮಿ ಹಿಂಡತೇನಿ, ಕಣಕಿ ಹಾಕತೇನಿ, ಸೆಗಣಿ ಬಳೀತೇನಿ, ಡೇರಿಗೆ ಹಾಲು ಹಾಕಿ ಬರತೇನಿ.”

“ಮತ್ತ ಅದನ್ನ ಮಸ್ಟ್ ಹಚ್ಚಿ ಹೇಳಾಕ ಏನಾಗಿತ್ತು?”

ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಅದಕ್ಯಾಕ ಮಸ್ಟ್ ರಿ ಬಾಯಾರ? ಎಮ್ಮಿ ಹಸದಿರತೈತಿ, ಹಾಕತೇನಿ. ಹಾಕಂತ ನಮ್ಮವ್ವನೂ ಹೇಳಿಲ್ಲ.”

ಅಷ್ಟರಲ್ಲಿ ಸಾಹೇಬರು ಹೊರಟು ನಿಂತಿದ್ದರು. ಚೌಗಲಾ ಸರ್ ಚಹಾ ತರಿಸಿದ್ದರು. ಸಾಹೇಬರು ಬೇಡವೆಂದು ಕೈಯಾಡಿಸಿ ಮೆಟ್ಟಿಲು ಇಳಿಯುತ್ತಿದ್ದರು. ಶೋಭಾ ಯಮನಪ್ಪನ ಕೈಯಿಂದ ಕಪ್ಪು-ಬಸಿಯನ್ನು ತೆಗೆದುಕೊಂಡು, ಅವರ ಎದುರಿಗೆ ಅಡ್ಡ ನಿಂತು, ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದಳು: “ಸರ್, ಯೂ ಮಸ್ಟ್ ಡ್ರಿಂಕ್ ಟೀ!”

ಸಾಹೇಬರು ಮೆಟ್ಟಿಲ ಮೇಲೆ ನಿಂತೇ ಕುಡಿದರು. ವಹಿಯಲ್ಲಿ ಗೀಚಿದ್ದನ್ನು ಹೊಡೆದು ಹಾಕಿ ಬೇರೇನೋ ಬರೆದರು. ನಾನು ಮನೆಗೆ ಹೋಗಿ ಚಾರ್ಟನ್ನು ಒಲೆಯ ಮೇಲಿನ ಸೂರಿಗೆ ಹೊದಿಸಿದೆ. ಮಸಿ ತಡೆಯುವುದಕ್ಕೆ ಅದು ತುಂಬಾ ಉಪಯೋಗವಾಯಿತು.

ಆಗ ನನ್ನ ಪಾಠದ ರೀತಿ ಬದಲಾಯಿತು. ಈ ಸೀಮೆಯವರು ‘ಬೇಕೇ ಬೇಕು’ ಎಂದು ಗಟ್ಟಿಯಾಗಿ ಹೇಳುವುದು ಉಣಿಸುವಾಗ, ಮನೆಗೆ ಕರೆಯುವಾಗ, ಮದುವೆಯ ಅಕ್ಷತೆ ಕೊಡುವಾಗ. ನಿಜವಾದ ಕೆಲಸ ಇದ್ದಾಗ ಮಾತು ಮೆತ್ತಗಾಗುತ್ತದೆ. ತನ್ನದೇ ಕರ್ತವ್ಯವಾದರೆ ಮಾತೇ ಇರುವುದಿಲ್ಲ, ಎದ್ದು ಮಾಡುತ್ತಾರೆ. ಹಾಗಾಗಿ ನಾನು ಮಸ್ಟ್ ಕಲಿಸುವ ದಿನ ಮಕ್ಕಳಿಗೆ ಬುತ್ತಿ ಬಿಚ್ಚಿಸುತ್ತಿದ್ದೆ. ‘ಯೂ ಮಸ್ಟ್ ಈಟ್’, ‘ಯೂ ಮಸ್ಟ್ ಕಮ್ ಟು ಅವರ್ ಹೌಸ್’ ಎಂದು ಒಬ್ಬರಿಗೊಬ್ಬರು ರೊಟ್ಟಿ ಬಡಿಸುತ್ತ ಜಗಳವಾಡುತ್ತಿದ್ದರು. ತರಗತಿಯಲ್ಲಿ ಶೇಂಗಾ ಚಟ್ನಿಯ ವಾಸನೆ ಬರುತ್ತದೆ ಎಂದು ಗಣಿತದ ಮಾಸ್ತರರು ದೂರು ಕೊಟ್ಟರು. ಅವರಿಗೂ ಒಂದು ರೊಟ್ಟಿ ಕಳಿಸಿದೆ. ದೂರು ನಿಂತಿತು.

ಅಥಣಿ ಕಡೆಗೆ ವರ್ಗವಾದ ಮೇಲೆ ಇದರ ಇನ್ನೊಂದು ಮುಖವೂ ಕಂಡಿತು. ದ್ರಾಕ್ಷಿ ತೋಟದ ಒಬ್ಬ ಯಜಮಾನರು, ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಎಂಟು ದಿನ ಬಿಡದೆ ಶಾಲೆಯ ಬಾಗಿಲಿಗೆ ಬಂದರು. “ಬಾಯಾರ, ನೀವು ಒಮ್ಮೆ ನಮ್ಮ ತ್ವಾಟಕ್ಕ ಬರಾಕಬೇಕು ನೋಡ್ರಿ. ಇಲ್ಲ ಅನಬ್ಯಾಡ್ರಿ.” ಹೋದೆ. ಹೋಳಿಗೆ ಊಟ, ಮೇಲೆ ಒಂದು ಬುಟ್ಟಿ ದ್ರಾಕ್ಷಿ. ನಾನು ಒಂದೊಂದೇ ಹಣ್ಣು ಬಾಯಿಗೆ ಹಾಕಿಕೊಳ್ಳುತ್ತಿದ್ದಾಗ ಯಜಮಾನರು ಬಳ್ಳಿಯ ಕಡೆ ಮುಖ ಮಾಡಿ ಹೇಳಿದರು: “ದ್ರಾಕ್ಷಿ ಒಣಗಿಸಿ ಮಣೂಕಾ ಮಾಡೂ ಹಂಗಾಮು ಬಂತ್ರಿ. ಮನ್ಯಾಗ ಕೈ ಸಾಲವಲ್ಲವು. ಹುಡುಗಿ ಎಂಟು ದಿನ ಸಾಲಿ ತಪ್ಪಿದ್ರ... ಆದ್ರ ನೋಡ್ರಿ.”

ಬಾಯಿ ತುಂಬ ಅವರ ದ್ರಾಕ್ಷಿ ಇಟ್ಟುಕೊಂಡು ಇಲ್ಲ ಎನ್ನುವುದು ಹೇಗೆ? ರಜೆ ಕೊಟ್ಟೆ. ಆ ಎಂಟು ದಿನ ಸಂಜೆ ನಾನೇ ಸೈಕಲ್ ತುಳಿದುಕೊಂಡು ಅವರ ಮಣೂಕಾ ಶೆಡ್ಡಿಗೆ ಹೋಗಿ ಆ ಹುಡುಗಿಗೆ ಪಾಠ ಹೇಳಿದೆ. ಮೊದಲು ಉಣಿಸುತ್ತಾರೆ, ಆಮೇಲೆ ಕೇಳುತ್ತಾರೆ ಎಂಬುದು ಗೊತ್ತಾಯಿತು. ಅದನ್ನೂ ಬರೆದುಕೊಂಡೆ.

ಇಷ್ಟೆಲ್ಲ ಬರೆದುಕೊಂಡವಳು ತೊಂಬತ್ತರ ದಶಕದ ನಡುವೆ ನಿಪ್ಪಾಣಿಗೆ ಬಂದೆ. ಆಗ ನಾನೇ ಮುಖ್ಯೋಪಾಧ್ಯಾಯಿನಿ. ತಲೆಯಲ್ಲಿ ಹೊಸ ಹುಳು ಹೊಕ್ಕಿತ್ತು. ಬೆಳಗಾವಿಯ ತರಬೇತಿಯಲ್ಲಿ ಒಂದು ಕ್ಯಾಸೆಟ್ ಕೊಟ್ಟಿದ್ದರು. ಅದರಲ್ಲಿ ಒಬ್ಬ ಬಿಳಿಯ ಗಂಡಸು ಮತ್ತು ಹೆಂಗಸು ದಿನವಿಡೀ ಒಬ್ಬರಿಗೊಬ್ಬರು ಅವರವರ ಕರ್ತವ್ಯ ಹೇಳಿಕೊಳ್ಳುತ್ತಿದ್ದರು. ‘ನೀನು ಕೋಟು ಹಾಕಿಕೊಳ್ಳಲೇಬೇಕು, ಹೊರಗೆ ಹಿಮ ಬೀಳುತ್ತಿದೆ’ ಎಂದು ಅವಳು. ‘ನಾನು ನಾಯಿಯನ್ನು ತಿರುಗಾಡಿಸಬೇಕು’ ಎಂದು ಅವನು. ನಿಪ್ಪಾಣಿಯ ಏಪ್ರಿಲ್ ಬಿಸಿಲಿನಲ್ಲಿ ಅದನ್ನು ಕೇಳುವುದೇ ಒಂದು ಸುಖ. ಹಳೆಯ ವಿದ್ಯಾರ್ಥಿಯೊಬ್ಬ ಟೇಪ್ ರೆಕಾರ್ಡರ್ ಕೊಡಿಸಿದ. ಶಾಲೆಯ ಹಿಂದೆ ಒಂದು ಹಳೆಯ ಕೋಣೆ ಇತ್ತು, ಒಂದು ಕಾಲಕ್ಕೆ ನೂಲು ತೆಗೆಯುವುದನ್ನು ಕಲಿಸುತ್ತಿದ್ದದ್ದು. ಆಡಳಿತ ಮಂಡಳಿಯ ಹಿರಿಯರು “ಅದು ನಿಮ್ಮ ಸುಪರ್ದಿ, ಏನರ ಮಾಡ್ಕೋರಿ” ಎಂದುಬಿಟ್ಟಿದ್ದರು. ಅದಕ್ಕೆ ಸುಣ್ಣ ಬಳಿಸಿದೆ, ನೀಲಿ ಪರದೆ ಹೊಲಿಸಿದೆ, ‘ಭಾಷಾ ಕೊಠಡಿ’ ಎಂದು ಬೋರ್ಡು ಬರೆಸಲು ಕೊಟ್ಟೆ. ನನ್ನ ಮದುವೆಗೂ ನಾನು ಅಷ್ಟು ಸಡಗರ ಮಾಡಿದವಳಲ್ಲ.

ಆ ಕೋಣೆಯ ಹಿಂದಿನ ಬಾಗಿಲು ವಖಾರಗಳ ಓಣಿಗೆ ತೆರೆಯುತ್ತಿತ್ತು. ತಂಬಾಕು ತುಂಬಿಡುವ ದೊಡ್ಡ ಉಗ್ರಾಣಕ್ಕೆ ಇಲ್ಲಿ ವಖಾರ ಎನ್ನುತ್ತಾರೆ. ನೂರಾರು ಹೆಂಗಸರು ಒಳಗೆ ಕುಳಿತು ತಂಬಾಕು ಸೋಸುತ್ತಾರೆ. ಓಣಿಯಲ್ಲಿ ಹೋದರೆ ಹೊಸಬರಿಗೆ ನಾಲ್ಕು ಹೆಜ್ಜೆಗೊಂದು ಸೀನು. ಒಂದು ಸಂತೆಯ ದಿನ, ವಖಾರ ರಜೆ ಇದ್ದಾಗ, ಎತ್ತರದ ಒಬ್ಬ ಹೆಂಗಸು ಸೊಂಟದ ಮೇಲೆ ಕೂಸನ್ನು ಕೂಡಿಸಿಕೊಂಡು ನನ್ನ ಆಫೀಸಿಗೆ ಬಂದಳು. ಅವಳೇ ಕಾಶವ್ವ. ಕೂಸು ಅವಳ ಮಗಳ ಮಗಳು, ಮಂಗಲ, ಎಂಟು ತಿಂಗಳು. ತಾಯಿಯೂ ಅಜ್ಜಿಯೂ ಒಂದೇ ವಖಾರದಲ್ಲಿ ದುಡಿಯುತ್ತಿದ್ದರು. ಕೂಸು ಅಲ್ಲೇ ಜೋಳಿಗೆಯಲ್ಲಿ ಧೂಳು ಕುಡಿಯುತ್ತ ಮಲಗುತ್ತಿತ್ತು. ಕೆಮ್ಮಿದಾಗ ಅದರ ಎದೆಯೊಳಗೆ ಏನೋ ಕರಕರ ಎನ್ನುತ್ತಿತ್ತು.

“ಬಾಯಾರ, ನಮಗ ಇಂಗ್ಲಿಷ್ ಕಲಸ್ರಿ” ಎಂದಳು. “ಮದ್ರಾಸದಿಂದ ಒಬ್ರು ಮ್ಯಾಡಂ ಬರ್ತಾರ. ದುಡಿಯೋ ಹೆಣಮಕ್ಕಳ ಕೂಸು ನೋಡಿಕೊಳ್ಳಾಕ ಆಯಾ, ಹಾಲು, ಔಷಧ ಎಲ್ಲಾ ಕೊಡೂ ಮಂದಿ. ಅವರಿಗೆ ಕನ್ನಡ ಬರೂದಿಲ್ಲ, ಮರಾಠಿ ಬರೂದಿಲ್ಲ, ಹಿಂದಿನೂ ಬರೂದಿಲ್ಲ. ಹ್ವಾದ ವರ್ಷ ಬಂದಾಗ ನಮ್ಮ ವಖಾರದ ಲೆಕ್ಕಾ ಬರಿಯೋ ದಿವಾಣಜಿ ನಮ್ಮ ಪರವಾಗಿ ಮಾತಾಡಿದ. ಕೂಸುಗೋಳು ಭಾಳ ಆರಾಮ ಅದಾವು ಅಂತ ಹೇಳಿ, ಹಾರ ಹಾಕಿ, ಕಳಿಸಿಬಿಟ್ಟ. ಈ ಸಲ ನಮ್ಮ ಬಾಯಿಲೆ ನಾವು ಹೇಳೋರು.”

ನನಗೆ ಮೈ ಜುಮ್ಮೆಂದಿತು. ಇಂಥ ವಿದ್ಯಾರ್ಥಿ ಸಿಗಲು ಪುಣ್ಯ ಬೇಕು. ಆಗಲಿ ಎಂದೆ. ಕಾಶವ್ವ ಕಿಟಕಿಯಿಂದ ಹಿಂದಿನ ಕೋಣೆಯನ್ನು ನೋಡುತ್ತ ಮತ್ತೊಂದು ಮಾತು ಸೇರಿಸಿದಳು: “ಆ ಖೋಲಿ ಖಾಲಿ ಐತಂತ. ನಮ್ಮ ಓಣೀಗೆ ಹತ್ತಿಕೊಂಡ ಐತಿ. ಆದ್ರ ನೋಡ್ರಿ.”

“ಅದಕ್ಕೇನು, ನಿಮ್ಮ ಕ್ಲಾಸು ಅಲ್ಲೇ ಮಾಡೋಣ” ಎಂದೆ ಉದಾರವಾಗಿ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, “ಸದ್ಯಕ್ಕ ಹಂಗಾಗ್ಲಿ” ಎಂದಳು.

ಮೂರು ತಿಂಗಳು, ಪ್ರತಿ ಸಂತೆಯ ದಿನ ಮುಂಜಾನೆ, ಹನ್ನೆರಡು ಹೆಂಗಸರು ಭಾಷಾ ಕೊಠಡಿಗೆ ಬಂದರು. ಬಿಳಿಯರ ಕ್ಯಾಸೆಟ್ ಹಾಕಿದೆ. ನಾಯಿಯನ್ನು ತಿರುಗಾಡಿಸಬೇಕು ಎಂಬ ವಾಕ್ಯ ಬಂದಾಗ ಕಾಶವ್ವ “ಆ ನಾಯಿಗೆ ಕಾಲಿಲ್ಲೇನ್ರಿ?” ಎಂದಳು. ಎಲ್ಲರೂ ನಕ್ಕ ರಭಸಕ್ಕೆ ಟೇಪು ನಿಲ್ಲಿಸಬೇಕಾಯಿತು. ಕಲಿಯುವುದರಲ್ಲಿ ಮಾತ್ರ ಅವರು ಹಿಂದೆ ಬೀಳಲಿಲ್ಲ. ‘ಅವರ್ ಚಿಲ್ಡ್ರನ್ ಆರ್ ಕಾಫಿಂಗ್’ ಎಂಬುದು ಎರಡೇ ವಾರದಲ್ಲಿ ಬಂತು. ‘ಮಾರ್ನಿಂಗ್ ಟು ಈವ್ನಿಂಗ್ ಇನ್ ಟೊಬ್ಯಾಕೊ’ ಬಂತು. ಬರದೇ ಹೋದದ್ದು ಒಂದೇ ವಾಕ್ಯ: ‘ಮ್ಯಾಡಂ, ಯೂ ಮಸ್ಟ್ ಗಿವ್ ಅಸ್ ಎ ರೂಮ್.’

ಅದನ್ನು ಹೇಳುವಾಗ ಕಾಶವ್ವನ ಧ್ವನಿ ಬಾವಿಗೆ ಇಳಿಯುತ್ತಿತ್ತು. “ಜೋರಾಗಿ ಅನ್ನವಾ” ಎಂದರೆ, “ಅವರ ಮುಂದ ನಿಂತು ನೀನು ಕೊಡಾಕಬೇಕು ಅಂದ್ರ ಹೆಂಗ ಅನಸ್ತೈತಿ ಬಾಯಾರ? ಬೈದಂಗಾಗತೈತಿ” ಎನ್ನುತ್ತಿದ್ದಳು. ನಾನು ಮೇಜು ಗುದ್ದಿ ತೋರಿಸುತ್ತಿದ್ದೆ. ಎತ್ತಿಗೆ ಮಾತ್ರ ನೆಟ್ಟಗೆ ಹೇಳುವುದು ಎಂದು ಬರೆದುಕೊಂಡಿದ್ದ ನನ್ನ ಪುಸ್ತಕ ಎಲ್ಲಿತ್ತೋ ಏನೋ.

ಪಾಠ ಮುಗಿದ ಮೇಲೆ ಕಾಶವ್ವ ಪ್ರತಿ ಸಲವೂ ಗಂಟು ಬಿಚ್ಚುತ್ತಿದ್ದಳು. ಜೋಳದ ಬಿಸಿ ಭಕ್ಕರಿ, ಕಡಲೆ ಹಿಟ್ಟಿನ ಝುಣಕ, ಹಸಿಮೆಣಸಿನ ಖಾರ. “ಬಾಯಾರ, ಯೂ ಮಸ್ಟ್ ಈಟ್!” ಆ ಮಸ್ಟ್ ಮಾತ್ರ ಓಣಿಯ ತುದಿಗೂ ಕೇಳುವಂತೆ ಬರುತ್ತಿತ್ತು. ನಾನು ಚಪ್ಪರಿಸಿಕೊಂಡು ತಿನ್ನುತ್ತಿದ್ದೆ.

ಇನ್ನು ಆ ಕೋಣೆಯ ಬಗ್ಗೆ ಅವರಿಗಿದ್ದ ಅಕ್ಕರೆ! “ಈ ಕಡೆ ಕಿಟಕಿ ತೆರೀತೈತೇನ್ರಿ?” “ಮಧ್ಯಾಹ್ನ ಬಿಸಿಲು ಎಲ್ಲಿತನಾ ಬರತೈತಿ?” “ನೀರಿನ ನಳ ಎಷ್ಟು ದೂರ ಐತಿ?” ಎಂದು ಕೇಳುತ್ತಿದ್ದರು. ನನ್ನ ಭಾಷಾ ಕೊಠಡಿ ಇವರಿಗೂ ಎಷ್ಟು ಹಿಡಿಸಿದೆ ಎಂದು ನಾನು ಹಿಗ್ಗುತ್ತಿದ್ದೆ. ಒಂದು ವಾರ ಹೋಗಿ ನೋಡಿದರೆ ಮೇಲಿನ ತೊಲೆಗೆ ಸಾಲಾಗಿ ಆರು ಕಬ್ಬಿಣದ ಕೊಂಡಿ ಬಡಿದಿದ್ದರು.

“ಇವು ಯಾಕ ಕಾಶವ್ವ?”

“ಇರ್ಲಿ ಬಿಡ್ರಿ, ಉಪಯೋಗಕ್ಕ ಬರ್ತಾವು.”

ನಕಾಶೆ ತೂಗುಹಾಕಲು ಎಂದುಕೊಂಡೆ. ಅದೇ ದಿನ ಅವಳು ಒಂದು ಕೊಂಡಿಗೆ ಸೀರೆ ಕಟ್ಟಿ ಮಂಗಲಳನ್ನು ಮಲಗಿಸಿದಳು. ನಾನು ಕೂಸನ್ನು ತೂಗುತ್ತ ಪಾಠ ಮಾಡಿದೆ. ಆಗಲೂ ನನಗೆ ಹೊಳೆಯಲಿಲ್ಲ. ಓದಿದವರಿಗೆ ಕೆಲವು ಸಂಗತಿ ತಡವಾಗಿಯೇ ತಿಳಿಯುವುದು.

ಮದ್ರಾಸಿನ ಮ್ಯಾಡಂ ಬಂದರು. ತೆಳ್ಳಗಿನ ಮುದುಕಿ, ದಪ್ಪ ಕನ್ನಡಕ, ಖಾದಿ ಸೀರೆ. ಭಾಷಾ ಕೊಠಡಿಯಲ್ಲೇ ಚಾಪೆ ಹಾಸಿ ಕೂಡಿಸಿದೆವು. ಈ ಸಲ ದಿವಾಣಜಿ ಬಂದು ಬಾಗಿಲಲ್ಲಿ ನಿಂತಿದ್ದ. ಹನ್ನೆರಡು ಹೆಂಗಸರು ಹೊಸ್ತಿಲು ತುಂಬಿ ಕುಳಿತಿದ್ದರಿಂದ ಅವನಿಗೆ ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಾಶವ್ವ ಮೊದಲು ತಾಟು ಇಟ್ಟಳು. “ಮ್ಯಾಡಂ, ಯೂ ಮಸ್ಟ್ ಈಟ್.” ಮುದುಕಿ ತಿಂದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಬಿಡಲಿಲ್ಲ. ಆಮೇಲೆ ಕಾಶವ್ವ ಮಂಗಲಳನ್ನು ಅವರ ಮಡಿಲಿಗೆ ಕೊಟ್ಟು, ಕೂಸಿನ ಎದೆಯ ಮೇಲೆ ಅವರ ಅಂಗೈಯನ್ನು ಇಡಿಸಿ, ತನ್ನ ಇಂಗ್ಲಿಷಿನಲ್ಲಿ ಹೇಳಿದಳು: “ಅವರ್ ಚಿಲ್ಡ್ರನ್ ಆರ್ ಕಾಫಿಂಗ್. ಮಾರ್ನಿಂಗ್ ಟು ಈವ್ನಿಂಗ್ ಇನ್ ಟೊಬ್ಯಾಕೊ. ಲಾಸ್ಟ್ ಇಯರ್ ಮ್ಯಾನ್ ಟೋಲ್ಡ್ ಲೈ.”

ಕೊನೆಯ ವಾಕ್ಯವನ್ನು ನಾನು ಕಲಿಸಿರಲಿಲ್ಲ. ದಿವಾಣಜಿ ಚಪ್ಪಲಿ ಹುಡುಕತೊಡಗಿದ.

ಮುದುಕಿ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು: ಆಯಾ ಕಳಿಸುತ್ತೇವೆ, ದಿನಕ್ಕೆ ಎರಡು ಹೊತ್ತು ಹಾಲು, ತಿಂಗಳಿಗೊಮ್ಮೆ ಡಾಕ್ಟರು. ಆದರೆ ಕೋಣೆ ಮಾತ್ರ ಊರವರೇ ಕೊಡಬೇಕು, ಅದು ನಮ್ಮ ನಿಯಮ. ವಖಾರದ ಹತ್ತಿರ, ಗಾಳಿ ಬೆಳಕು ಇರುವ ಒಂದು ಕೋಣೆ. ಅದಿಲ್ಲದಿದ್ದರೆ ಈ ವರ್ಷವೂ ನಾನು ಬರಿಗೈಯಲ್ಲಿ ಹೋಗಬೇಕಾಗುತ್ತದೆ.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಹೇಳು ಕಾಶವ್ವ, ಯೂ ಮಸ್ಟ್ ಗಿವ್ ಎಂದು ಹೇಳು ಎಂದು ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಅವಳು ಮುದುಕಿಯ ಕಡೆ ನೋಡಲಿಲ್ಲ. ಹನ್ನೆರಡು ಹೆಂಗಸರಲ್ಲಿ ಒಬ್ಬಳೂ ನೋಡಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ಕಾಶವ್ವ ಮೆಲ್ಲಗೆ ಅಂದಳು:

“ಬಾಯಾರ, ಆದ್ರ ನೋಡ್ರಿ.”

ಚೌಗಲಾ ಸರ್ ಛತ್ರಿ ಹಿಡಿದು ನನ್ನ ಮುಂದೆ ಬಂದು ನಿಂತಂತಾಯಿತು. ಮೊದಲ ದಿನದ ಮಾತು, ಕಿಟಕಿ, ನಳ, ಆರು ಕೊಂಡಿ, ಮೂರು ತಿಂಗಳ ಭಕ್ಕರಿ, ಎಲ್ಲ ಒಂದೇ ಸಲಕ್ಕೆ ತಿಳಿಯಿತು. ನಿಜ ಹೇಳುತ್ತೇನೆ, ಮೊದಲು ನನಗೆ ಬಂದದ್ದು ಸಿಟ್ಟು. ಇಷ್ಟು ದಿನ ನನ್ನನ್ನು ಬಡಿಸಿ ಬಡಿಸಿ ಕಟ್ಟಿಹಾಕಿದರಲ್ಲ ಎನಿಸಿತು. ನೀಲಿ ಪರದೆ ನೋಡಿದೆ, ಟೇಪ್ ರೆಕಾರ್ಡರ್ ನೋಡಿದೆ, ಮರುದಿನ ಬರಲಿದ್ದ ಬೋರ್ಡಿನ ನೆನಪಾಯಿತು. ಆಮೇಲೆ ಶೋಭಾಳ ಎಮ್ಮೆ ನೆನಪಾಯಿತು. ಹಸಿದಿರುತ್ತದೆ, ಹಾಕುತ್ತೇನೆ, ಅಷ್ಟೇ.

ಮುದುಕಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: “ಕೋಣೆ ಇದೆ, ಮ್ಯಾಡಂ. ಇದೇ ಆ ಕೋಣೆ.”

ಅದರಲ್ಲಿ ಮಸ್ಟ್ ಇರಲಿಲ್ಲ, ಶುಡ್ ಇರಲಿಲ್ಲ. ಅಷ್ಟು ವರ್ಷ ಕಲಿಸಿದ್ದರಲ್ಲಿ ಒಂದು ಮಾತೂ ಬೇಕಾಗಲಿಲ್ಲ. ಮುದುಕಿ ತಲೆಯೆತ್ತಿ ಕೊಂಡಿಗಳನ್ನು ಎಣಿಸಿದರು, ಆಮೇಲೆ ನನ್ನನ್ನು ನೋಡಿ ನಕ್ಕರು. ಬಂದ ಕೂಡಲೇ ಅವರಿಗೆ ತಿಳಿದಿತ್ತೆಂದು ಕಾಣುತ್ತದೆ.

ಮರುವಾರದಿಂದ ಕೂಸುಗಳು ಬಂದವು. ಟೇಪ್ ರೆಕಾರ್ಡರ್ ವರಾಂಡದ ಕಪಾಟಿಗೆ ಹೋಯಿತು. ಭಾಷಾ ಕೊಠಡಿಯ ಬೋರ್ಡಿನ ಹಿಂಬದಿಯಲ್ಲಿ ‘ಕೂಸಿನ ಮನೆ’ ಎಂದು ಬರೆಸಿದೆವು. ಮಧ್ಯಾಹ್ನ ವರಾಂಡದಲ್ಲಿ ನಾನು ಒಂಬತ್ತನೆಯವರಿಗೆ ಆ ಕ್ಯಾಸೆಟ್ ಹಾಕಿದರೆ, ಒಳಗೆ ಕೂಸುಗಳು ಹಿಮ, ಕೋಟು, ನಾಯಿ ಕೇಳುತ್ತ ಗಡದ್ದಾಗಿ ನಿದ್ದೆ ಮಾಡುತ್ತಿದ್ದವು. ಆ ಬಿಳಿಯ ದಂಪತಿಯಿಂದ ನಮಗಾದ ದೊಡ್ಡ ಉಪಕಾರ ಅದೇ. ಮಳೆಗಾಲ ಮುಗಿಯುವ ಹೊತ್ತಿಗೆ ಮಂಗಲಳ ಎದೆಯ ಕರಕರ ಇಳಿಯಿತು. ನಾನು ದಿನವೂ ಹೋಗಿ ಕಿವಿಯಿಟ್ಟು ಕೇಳುತ್ತಿದ್ದೆ. ಅದು ಪೂರ್ತಿ ನಿಂತ ದಿನ ಆಫೀಸಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಒಂದು ಸಂತೆಯ ದಿನ ಕಾಶವ್ವನನ್ನು ಕೇಳಿಯೇಬಿಟ್ಟೆ. “ಮೂರು ತಿಂಗಳು ಗಂಟಲು ಹರಕೊಂಡು ಕಲಿಸಿದೆ. ಯೂ ಮಸ್ಟ್ ಗಿವ್ ಅಂತ ನನಗರ ಅನ್ನಬಹುದಿತ್ತಲ್ಲ? ಮೊದಲನೇ ದಿನಾನ ಕೊಡತಿದ್ದೆ.”

ಅವಳು ಕೂಸಿನ ಜೋಳಿಗೆ ತೂಗುತ್ತಲೇ ಹೇಳಿದಳು: “ಕೊಡತಿದ್ರಿ ಬಾಯಾರ, ಖರೆ. ಆದ್ರ ಅದು ನಾವು ಕಸಗೊಂಡಂಗ ಆಗತಿತ್ತು. ಈಗ ನೀವು ಕೊಟ್ಟಂಗಾತು. ಕಸಗೊಂಡ ಖೋಲ್ಯಾಗ ಕೂಸಿಗೆ ನಿದ್ದಿ ಹತ್ತೂದಿಲ್ರಿ.”

ಹೋದ ತಿಂಗಳು ಮನೆಗೆ ಬಂದ ಆ ಇಬ್ಬರು ಹುಡುಗಿಯರಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು.

ಕಾಶವ್ವ ಗಂಟು ಬಿಚ್ಚಿದಳು. “ಬಾಯಾರ, ಯೂ ಮಸ್ಟ್ ಈಟ್!” ಭಕ್ಕರಿ ಬಿಸಿಯಾಗಿತ್ತು, ಮೇಲೆ ಬೆಣ್ಣೆಯೂ ಇತ್ತು. ಬೆಣ್ಣೆ ಕಂಡಾಗಲೇ ನಾನು ಎಚ್ಚರವಾಗಬೇಕಿತ್ತು. ದೊಡ್ಡದೊಂದು ತುತ್ತು ಮುರಿದು ಬಾಯಿಗಿಟ್ಟುಕೊಂಡ ಮೇಲೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು.

“ಸಂಜೀಕ ಸೊಳ್ಳಿ ಭಾಳ ಬರಾಕತ್ತಾವ್ರಿ. ಆ ಕಿಟಕೀಗೊಂದು ಜಾಳಿಗಿ ಬಡಿಸಿದ್ರ... ಆದ್ರ ನೋಡ್ರಿ.”